ಜೀಪು ನುಂಗುವ ವಿಮಾನದ ಕಾಕಾ

ನಮ್ಮ ಬನಹಟ್ಟಿ ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗ, ಪಕ್ಕದ ಮನೆಯ ಕಾಕಾ ವಾಯುಪಡೆಯ ಭಾರೀ ಸರಕು ವಿಮಾನಗಳಿಗೆ ಸಾಮಾನು ತುಂಬುವ ಕೆಲಸದಲ್ಲಿದ್ದರು. ರಜೆಗೆ ಬಂದರೆ ಓಣಿಯೆಲ್ಲ ಅವರ ಕಟ್ಟೆಯ ಮೇಲೆ.

"ಮೊದಲಿನ ವಿಮಾನಕ್ಕ ಬಾಗಲ ಮಗ್ಗಲದಾಗ ಇತ್ರಿ. ಈಗಿಂದು ಹಿಂದಿನಿಂದ ಪೂರಾ ತಗೀತೈತಿ. ಜೀಪು ಸೀದಾ ಒಳಗ!" ಎಂದು ಎರಡೂ ಅಂಗೈಗಳನ್ನು ಕದದಂತೆ ತೆರೆಯುತ್ತಿದ್ದರು. "ಆದ್ರ ಭಾರ ನಡುವ ಇರಬೇಕ್ರೀ" ಎಂಬುದು ಅವರ ಎಲ್ಲ ಮಾತಿನ ಕೊನೆ. ಊಟದ ಪಂಕ್ತಿಯಲ್ಲೂ ದಪ್ಪಗಿದ್ದವರನ್ನು ನಡುವೆ ಕೂರಿಸುತ್ತಿದ್ದರು.

ಅಂಥದೊಂದು ರಜೆಯಲ್ಲೇ ಅಕ್ಕನ ಮದುವೆಯಾಯಿತು. ಅವಳ ಮಗ್ಗವನ್ನು ದೋಣಿಯಲ್ಲಿ ಕೃಷ್ಣೆಯ ಆಚೆ ಒಯ್ಯಬೇಕಿತ್ತು. ತುಂಬುವ ಹೊಣೆ ಕಾಕಾ ಅವರದು: ಮಗ್ಗ ನಡುವೆ, ಅಕ್ಕ ಮತ್ತು ಬೀಗರು ಸುತ್ತ. ಆಚೆ ದಂಡೆ ಹತ್ತಿರವಾದಾಗ ಗಾಳಿ ಎದ್ದು ದೋಣಿ ವಾಲಿತು, ನೀರು ಒಳನುಗ್ಗಿತು.

"ಯಾರೂ ಅಲ್ಲಾಡಬ್ಯಾಡ್ರಿ!" ಎಂದವರೇ ಕಾಕಾ, ವಾಲಿದ ಕಡೆಯಿಂದ ದೋಣಿಯ ಹಗ್ಗ ಹಿಡಿದು ನೀರಿಗೆ ಜಿಗಿದರು. ದೋಣಿ ನೆಟ್ಟಗಾಯಿತು. ಅವರು ಹಗ್ಗಕ್ಕೆ ಜೋತುಬಿದ್ದೇ ದಡ ಸೇರಿದರು.

ಅಕ್ಕ ಸೆರಗಿನಿಂದ ಅವರ ತಲೆ ಒರೆಸುತ್ತಾ, "ಈಸಾಕ ಎಲ್ಲಿ ಕಲತ್ರಿ ಕಾಕಾ?" ಎಂದಳು.

"ಈಸಾಕ ನನಗೆಲ್ಲಿ ಬರತೈತವಾ," ಕಾಕಾ ಕೆಮ್ಮುತ್ತಲೇ ನಕ್ಕರು. "ಆದ್ರ ದೋಣ್ಯಾಗಿಂದ ಇಳಿಸಾಕ ನನ್ನ ಬಿಟ್ರ ಏನಿತ್ತು? ಉಳಿದದ್ದೆಲ್ಲಾ ನಿನ್ನ ಸಂಸಾರ."