ಪರಸಪ್ಪ ಬಿದ್ದಾಗ ನಾವು ಒಡೆದ ಕಾಯಿಗಳು

ಪರಸಪ್ಪನ ಮುತ್ಯಾ ಹೊಳೆಪ್ಪ ಎರಡು ಟಗರುಗಳನ್ನು ಹೆಗಲಿಗೇರಿಸಿಕೊಂಡು ತುಂಬಿದ ಘಟಪ್ರಭೆಯನ್ನು ಈಜಿ ದಾಟಿದವನು. ಅಪ್ಪ ಮುತ್ತಪ್ಪ ನಮ್ಮೂರು ನಾಗನೂರಿನಿಂದ ಹುಕ್ಕೇರಿಯವರೆಗೆ ಡೊಳ್ಳು ಬಾರಿಸುತ್ತಲೇ ನಡೆದು, ಅಲ್ಲಿ ಒಂದು ತಂಬಿಗೆ ಮಜ್ಜಿಗೆ ಕುಡಿದು, ಬಾರಿಸುತ್ತಲೇ ತಿರುಗಿ ಬಂದವನು. ಇಂಥ ಮನೆತನದ ಪರಸಪ್ಪ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಬೀರದೇವರ ಗುಡಿಯ ಮುಂದೆ ಡೊಳ್ಳು ಬಾರಿಸುತ್ತಿದ್ದವನು ದೊಪ್ಪನೆ ಬಿದ್ದ.

ನಾವೇನು ಮಾಡಿದೆವು? ಮೈಮೇಲೆ ದೇವರು ಬಂದನೆಂದು ಮುಷ್ಟಿ ಮುಷ್ಟಿ ಅರಿಶಿನದ ಭಂಡಾರ ಎರಚಿದೆವು. ಕಾಯಿ ಒಡೆದೆವು. ಕಣ್ಣು ತೆರೆದವನ ಮುಂದೆ ಸಾಲುಗಟ್ಟಿ ಕುಳಿತು ಪ್ರಶ್ನೆ ಕೇಳಿದೆವು. ನಾನೂ ಬಿಡಲಿಲ್ಲ.

"ಯಪ್ಪಾ, ನಮ್ಮ ಎಮ್ಮಿ ಯಾವಾಗ ಈಯತೈತಿ?"

ಪರಸಪ್ಪ ಹಳದಿ ಮೋರೆ ಎತ್ತಿ "ಹೂಂ" ಅಂದ. ಎಮ್ಮೆ ಮರುದಿನವೇ ಈದಿತು! ಮತ್ತೆ ಕೇಳಬೇಕೆ? ಆ ತಿಂಗಳು ಮೂರು ಸಲ ಬಿದ್ದ, ಮೂರು ಸಲವೂ ಕಾಯಿ ಒಡೆದೆವು. ಅವನಿಗೂ ದೇವರಾಗಿರುವುದರ ರುಚಿ ಹತ್ತಿತ್ತು.

ನಾಲ್ಕನೆಯ ಸಲ ಅವನ ಮೊಮ್ಮಗಳು ದೀಪಾ ಅಲ್ಲಿದ್ದಳು. ಮೂಡಲಗಿಯ ದವಾಖಾನೆಯಲ್ಲಿ ನರ್ಸು. ಭಂಡಾರ ಒರೆಸಿ ಮುತ್ಯಾನ ಮಣಿಕಟ್ಟು ಹಿಡಿದಳು.

"ನಿಮಿಷಕ್ಕ ಮೂವತ್ತೆರಡು ಬಡಿತ! ದ್ಯಾವ್ರಲ್ಲ ಇದು, ಎದಿ ತಾಳ ತಪ್ಪೇತಿ. ಅಜ್ಜಾರ, ಕಾಯಿ ಕೆಳಗಿಟ್ಟು ಗಾಡಿ ತರ್ರಿ!" ಎಂದು ನನ್ನನ್ನೇ ಗದರಿದಳು.

ಎದೆಗೆ ತಾಳ ಎತ್ತಿಕೊಡುವ ಪೇಸ್‌ಮೇಕರನ್ನು ಎಡಗಡೆ ಕೊರಳೆಲುಬಿನ ಕೆಳಗೆ ಇಡಬೇಕೆಂದು ಗೋಕಾಕದ ಡಾಕ್ಟರು ಹೇಳಿದರು. ಪರಸಪ್ಪ ಕೇಳಿದ್ದು ಒಂದೇ ಮಾತು.

"ಆಮ್ಯಾಲ ಡೊಳ್ಳು ಬಾರಿಸಬಹುದೇನ್ರಿ? ಇಲ್ಲಂದ್ರ ಬ್ಯಾಡ ಬಿಡ್ರಿ, ನಾ ಹಿಂಗಽ ದ್ಯಾವ್ರಾಗಿ ಇರತೇನಿ."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಂಗ ಇದ್ರ ಲಗೂನ ದ್ಯಾವ್ರ ಕಡೆನಽ ಹೋಗತೀರಿ. ಆರು ವಾರ ಎಡಗೈ ಹೆಗಲಿಗಿಂತ ಮ್ಯಾಲ ಎತ್ತಬ್ಯಾಡ್ರಿ, ಭಾರಾನೂ ಹೊರಬ್ಯಾಡ್ರಿ. ತಪಾಸಣಿ ಆದಮ್ಯಾಲ ಬಾರಿಸೀರಂತ. ಡೊಳ್ಳಿನ ಹಗ್ಗ ಮಾತ್ರ ಆ ಬಾಜೂ ಒತ್ತಬಾರದು."

ಪೇಸ್‌ಮೇಕರ್ ಇಡಿಸಿಕೊಂಡು ಬಂದ ಮೇಲೆ ಆ ಆರು ವಾರ ಅವನು ಬಲಗೈಯೊಂದರಿಂದಲೇ ತಾಟು, ಕೊಡ, ನನ್ನ ಬೆನ್ನು, ಸಿಕ್ಕಿದ್ದೆಲ್ಲವನ್ನೂ ಬಾರಿಸಿದ. ಡಾಕ್ಟರು ಒಪ್ಪಿದ ಮರುದಿನ ಮುಂಜಾನೆಯೇ ಗುಡಿಯ ಮುಂದೆ ಹಾಜರು. ಜೀವಮಾನವೆಲ್ಲ ಎಡಹೆಗಲಿಗೆ ಹಾಕಿದ ಹಗ್ಗವನ್ನು ಬಲಹೆಗಲಿಗೆ ಬದಲಿಸಿ ಕಟ್ಟಿದ್ದ. ಡೊಳ್ಳು ಎತ್ತಿಕೊಡಲು ನಾಲ್ವರು ಓಡಿದರು. ಅವರ ಹಿಂದೆ ನಾನು, ಕೈಯಲ್ಲಿ ಕಾಯಿ. ಬಿದ್ದರೆ ಇರಲಿ ಅಂತ.

"ಸರೀರಿ ಆ ಕಡೆ!" ಅಂದ ಪರಸಪ್ಪ. "ಒಳಗ ಒಬ್ಬಾವ ತಾಳ ಹಿಡದಾನಲ್ಲ, ಅಷ್ಟು ಸಾಕು ನನಗ. ಡೊಳ್ಳು ನಾನಽ ಎತ್ತತೇನಿ. ನೀ ಆ ಕಾಯಿ ಮನಿಗೆ ಒಯ್ದು ಚಟ್ನಿ ಮಾಡಸೋ!"