ಬೀರನ ಪಾಲಿನ ಭಂಡಾರ

ಬನಹಟ್ಟಿಯ ನನ್ನ ಮನೆಗೆ ಇವತ್ತು ಬೆಳಿಗ್ಗೆ ಬೀಳಗಿ ಬಸ್ಸಿನವರ ಕೈಯಲ್ಲಿ ಒಂದು ಕಾಗದದ ಪೊಟ್ಟಣ ಬಂತು. ಬಿಚ್ಚುವುದೇ ಬೇಡ, ವಾಸನೆಗೇ ಗೊತ್ತಾಯಿತು: ಬೀರೇಶ್ವರನ ಭಂಡಾರ. ಬರೀ ಅರಿಶಿನಪುಡಿ ಎಂದೀರಿ, ಜೋಕೆ; ನಮ್ಮ ಕಡೆ ಹಾಗೆ ಅನ್ನಬಾರದು. ಪೊಟ್ಟಣದ ಮೇಲೆ ಪೂಜಾರಿ ‘ಬೀರನ ಪಾಲು’ ಎಂದು ಬರೆಸಿದ್ದ. ಬೀರ ನನ್ನ ತಂಗಿ ಗಂಗವ್ವನ ಮೊಮ್ಮಗ. ಈ ಪುಡಿಯನ್ನು ಅವನ ಹತ್ತಿರ ಒಯ್ಯುವಂತಿಲ್ಲ. ಯಾಕೆಂದು ಹೇಳಬೇಕಾದರೆ ರಕ್ತಕಣಗಳ ಬಗ್ಗೆ ಸ್ವಲ್ಪ, ನಮ್ಮ ನೆಂಟರ ಬಗ್ಗೆ ಜಾಸ್ತಿ ಹೇಳಬೇಕಾಗುತ್ತದೆ.

ಗಂಗವ್ವನನ್ನು ಚಿಮ್ಮಡಕ್ಕೆ ಕೊಟ್ಟಿದ್ದೇವೆ. ಮಗ ಸೊಸೆ ದೊಡ್ಡ ಮಗಳನ್ನು ಕಟ್ಟಿಕೊಂಡು ಕುರಿ ಹಿಂಡಿನ ಹಿಂದೆ ಅಲೆಯುವವರಾದ್ದರಿಂದ ಹುಡುಗ ಅವಳ ಮಡಿಲಲ್ಲೇ ಬೆಳೆದ. ನಡೆಯಲು ಕಲಿಯುವ ಹೊತ್ತಿಗೇ ಕುತ್ತಿಗೆಯಲ್ಲಿ ಗಡ್ಡೆ, ಹೊಟ್ಟೆಯಲ್ಲಿ ಬಾವು, ಮೇಲಿಂದ ಮೇಲೆ ಜ್ವರ. ಊರಿಗೆ ಊರೇ ವೈದ್ಯರಾಯಿತು. ಹುಡುಗನಿಗೆ ಶಕ್ತಿ ಸಾಲದು, ತುಂಬಿರಿ ಎಂದು ಒಬ್ಬರು ಕಷಾಯ ತಂದರು, ಇನ್ನೊಬ್ಬರು ಟಿವಿಯಲ್ಲಿ ತೋರಿಸುವ ಡಬ್ಬಿ ತಂದರು. ನಾನೇನು ಕಡಿಮೆ? ಜಮಖಂಡಿಯಿಂದ ಚ್ಯವನಪ್ರಾಶ ಒಯ್ದೆ. ಅವನು ಮುಖ ತಿರುಗಿಸಿದ, ಮುಕ್ಕಾಲು ನಾನೇ ತಿಂದೆ. ಅಂದಿನಿಂದ ನನ್ನ ಆರೋಗ್ಯ ಬಹಳ ಛಲೋ ಇದೆ.

ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ತಿಳಿಯುವಂತೆ ಹೇಳಿದರು. ಇದು ಹುಟ್ಟಿನಿಂದಲೇ ಬಂದ ರೋಗನಿರೋಧಕ ಕೊರತೆ. ಕ್ರಿಮಿ ಹೊಕ್ಕರೆ ಇವನ ಬಿಳಿ ರಕ್ತಕಣಗಳು ಓಡಿ ಬರುತ್ತವೆ, ಅದನ್ನು ನುಂಗುತ್ತವೆ, ಆದರೆ ಕೊಲ್ಲಲು ಆಗುವುದಿಲ್ಲ. ಆಗದ್ದಕ್ಕೆ ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಎಲ್ಲವೂ ಅಲ್ಲೇ ಠಿಕಾಣಿ ಹೂಡಿ ಗಡ್ಡೆ ಕಟ್ಟುತ್ತವೆ. ಕ್ರಿಮಿ ಹೋದ ಮೇಲೂ ಉರಿಯೂತ ಆರುವುದಿಲ್ಲ. ಅಸ್ಥಿಮಜ್ಜೆ ಬದಲಿಸುವವರೆಗೆ ಧೂಳು, ಹುಲ್ಲು, ಒಣಪುಡಿ ಸುಳಿಯಬಾರದು. ಅವುಗಳೊಳಗಿನ ಬೂಷ್ಟು ಶ್ವಾಸಕೋಶಕ್ಕೆ ಇಳಿದರೆ ಹುಡುಗ ಉಳಿಯುವುದು ಕಷ್ಟ ಎಂದರು.

ಗಂಗವ್ವನಿಗೆ ದಿಕ್ಕೇ ತೋಚಲಿಲ್ಲ. ನನಗೆ ಮಾತ್ರ ಈ ಕಣಗಳು ಪರಿಚಯದವರಂತೆ ಕಂಡವು. ನಮ್ಮ ನೆಂಟರು ರೋಗಿಯನ್ನು ಮಾತಾಡಿಸಲು ಬರುವುದೂ ಹೀಗೇ. ಓಡಿ ಬರುತ್ತಾರೆ, ಕೈಲಾಗುವುದು ಏನೂ ಇಲ್ಲ, ಫೋನ್ ಹಚ್ಚಿ ಮುಧೋಳದವರನ್ನೂ ಕರೆಸುತ್ತಾರೆ. ಜ್ವರ ಇಳಿದು ಹುಡುಗ ಆಡತೊಡಗಿದರೂ ಇವರು ಚಹಾದ ಬಟ್ಟಲು ಹಿಡಿದು ಕೂತೇ ಇರುತ್ತಾರೆ.

ಯಾರನ್ನೂ ಚಹಾ ಕುಡಿಸದೆ ಕಳಿಸದ ಗಂಗವ್ವ ಬಾಗಿಲು ಹಾಕಿದಳು. ಸೊಕ್ಕು ಬಂದಿದೆ ಎಂದು ಆಡಿಕೊಂಡರು. ಆಡಿಕೊಳ್ಳಲಿ, ಹೊರಗೆ ನಿಂತು ತಾನೇ?

ಒಂದು ಅಮಾವಾಸ್ಯೆಗೆ, ನಾನು ಚಿಮ್ಮಡದಲ್ಲಿದ್ದಾಗ, ಬೀರೇಶ್ವರನ ಪೂಜಾರಿಯೇ ಬಂದ. ಕಂಬಳಿಯ ತುಂಬ ಭಂಡಾರ, ಮುಷ್ಟಿಯಲ್ಲೂ ಭಂಡಾರ. ಗಂಗವ್ವನಿಗೆ ಅವನು ಬರುವುದೆಂದರೆ ದೇವರೇ ಬಂದ ಹಾಗೆ. ಊರಿಗೆಲ್ಲ ಬುದ್ಧಿ ಹೇಳುವ ನಾನು, ದೇವರೆಂದರೆ ಕಿಸಕ್ಕನೆ ನಗುವ ನಾನು, ಕಟ್ಟೆಯ ಮೇಲೆ ಕೂತು ನನ್ನ ಚಪ್ಪಲಿ ನೋಡತೊಡಗಿದೆ. ಹುಡುಗ ಇಣುಕುತ್ತಿದ್ದ ಕಿಟಕಿಯನ್ನು ಗಂಗವ್ವ ಎಳೆದು ಮುಚ್ಚಿದಳು. ಅಂಗಳಕ್ಕೆ ಇಳಿದು ಪೂಜಾರಿಗೆ ಅಡ್ಡ ನಿಂತಳು.

“ಅಪ್ಪಾ, ಒಳಗ ಬರಬ್ಯಾಡ್ರಿ. ಈ ಪುಡಿ ನನ್ನ ಕೂಸಿಗೆ ಆಗೂದಿಲ್ಲ. ಅವನ ಪಾಲಿಂದು ನನಗ ಹಚ್ಚ್ರಿ.”

ಪೂಜಾರಿ ಮುಷ್ಟಿ ಬಿಚ್ಚಿದ. ಆಮೇಲೆ ಅವಳ ಹಣೆ ತುಂಬ ಹಚ್ಚಿದ.

“ಅವಗ ಮುಟ್ಟತೈತಿ ಬಿಡವಾ,” ಎಂದು ತಿರುಗಿ ಹೋದ.

ಗಂಗವ್ವ ಹಿತ್ತಲಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ಸೀರೆ ಬದಲಿಸಿಯೇ ಒಳಗೆ ಹೋದಳು. ನೀರು ಸುರಿದುಕೊಳ್ಳುತ್ತ ಅಳುತ್ತಿದ್ದಳು. ನನಗೂ ಅಳು ಬಂತು.

ಈಗ ಬೀರ ದೂರದ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿದ್ದಾನೆ. ಅವನ ಅಕ್ಕನ ಮಜ್ಜೆ ಹೊಂದಿಕೆಯಾಯಿತು, ಹಾಕಿದ್ದಾರೆ. ಅದು ಬೇರೂರುತ್ತದೋ ಇಲ್ಲವೋ ಡಾಕ್ಟರಮ್ಮನಿಗೂ ಇನ್ನೂ ಗೊತ್ತಿಲ್ಲ. ಗಂಗವ್ವ ಅವನ ಜೊತೆಗಿದ್ದಾಳೆ. ಪೊಟ್ಟಣ ಏನು ಮಾಡಲಿ ಎಂದು ಫೋನಿನಲ್ಲಿ ಕೇಳಿದೆ.

“ನಾ ಇಲ್ಲಿ ಒಳಗ ಅದೇನಿ, ಹಚ್ಚಿಕೊಳ್ಳಾಕ ಬರೂದಿಲ್ಲ. ಈ ಸಲ ನೀ ಹಚ್ಚಿಕೋ ಅಣ್ಣಾ.”

ಎಂದಿನಂತೆ ಒಂದು ಕೊಂಕು ಮಾತು ಬಾಯಿಗೆ ಬಂತು. ನುಂಗಿಕೊಂಡೆ. ಅಂಗಳಕ್ಕೆ ಇಳಿದು, ಪೊಟ್ಟಣ ಬಿಚ್ಚಿ, ಹಣೆ ತುಂಬ ಹಚ್ಚಿಕೊಂಡೆ. ಪಕ್ಕದ ಮನೆಯವರು ನೋಡಿ, ಈ ವಯಸ್ಸಿನಲ್ಲಿ ದೇವರು ನೆನಪಾದನೇ ಎಂದು ನಕ್ಕರು.

“ನಂದಲ್ಲರಿ,” ಎಂದೆ. “ಬೀರಂದು.”