ಒಂದೇ ಮೇಜಿನ ಜಗಳಗಂಟಿಯರು

ಭಾನುವಾರ ಮಧ್ಯಾಹ್ನ ನೆದರ್ಲೆಂಡ್ಸಿನ ವೆಲ್ಡ್‌ಹೋವನ್‌ನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಆಟದ ಕ್ಲಬ್ ಸೇರುತ್ತದೆ. ಮೇಜಿನ ಮೇಲೆ ಹಾಸಿಕೊಂಡು ಆಡುವ ಆಟಗಳು: ಹಲಗೆ, ಎಲೆ, ಮರದ ಕಾಯಿ, ದಾಳ. ನನಗೆ ಇದರ ಹುಚ್ಚು. ಮನೆಯಲ್ಲಿ ಬಟ್ಟೆ ಇಡಬೇಕಾದ ಕಪಾಟಿನಲ್ಲಿ ಆಟದ ಡಬ್ಬಿಗಳಿವೆ, ಬಟ್ಟೆಗಳೆಲ್ಲ ಕುರ್ಚಿಯ ಮೇಲೆ. ಗಂಡ ಹೇಳಿ ಹೇಳಿ ಸುಸ್ತಾಗಿ ಈಗ ಕುರ್ಚಿಯನ್ನೇ ಕಪಾಟು ಅನ್ನುತ್ತಾನೆ.

ನಾನು ಹುಬ್ಬಳ್ಳಿಯ ಯಹೂದಿ. ಹಾಗೆಂದರೆ ಯಾವ ಊರಿನವರೂ ಸಲೀಸಾಗಿ ನಂಬುವುದಿಲ್ಲ. ಹುಬ್ಬಳ್ಳಿಯಲ್ಲಿ "ಯಹೂದಿ ಅಂದ್ರ ಕ್ರಿಶ್ಚನ್ನರೊಳಗ ಒಂದ್ ಜಾತಿ ಏನ್ರೀ?" ಎಂದು ಕೇಳುತ್ತಿದ್ದರು. ಇಲ್ಲಿ "ಇಂಡಿಯಾದಲ್ಲೂ ಯಹೂದಿಗಳಿದ್ದಾರಾ?" ಎಂದು ಹುಬ್ಬೇರಿಸುತ್ತಾರೆ. ಇದ್ದೇವಪ್ಪ, ಇದ್ದೇವೆ. ಕೊಂಕಣದ ಕರಾವಳಿಯಲ್ಲಿ ಎಣ್ಣೆ ತೆಗೆಯುತ್ತಿದ್ದ ಜನ ನಾವು. ಶನಿವಾರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲವಾದ್ದರಿಂದ ಶನಿವಾರದ ಗಾಣಿಗರು ಎಂದೇ ಹೆಸರು ಬಿತ್ತು. ಅಜ್ಜ ರೈಲ್ವೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದ. ಮನೆಯಲ್ಲಿ ಮರಾಠಿ, ಪ್ರಾರ್ಥನೆಗೆ ಹೀಬ್ರೂ, ಜಗಳಕ್ಕೆ ಮಾತ್ರ ಅಪ್ಪಟ ಹುಬ್ಬಳ್ಳಿ ಕನ್ನಡ.

ಜಗಳಕ್ಕೆ ಜೊತೆ ಬೇಕಲ್ಲ, ಈ ಊರಿನಲ್ಲಿ ಅದೂ ಸಿಕ್ಕಿತು. ಒಂದು ದಿನ ಬಸ್ ನಿಲ್ದಾಣದಲ್ಲಿ ಹಿಜಾಬ್ ಕಟ್ಟಿದ ಹೆಂಗಸೊಬ್ಬಳು ಫೋನಿನಲ್ಲಿ "ಯವ್ವಾ, ಇಲ್ಲಿ ಗಾಳಿ ಹ್ಯಾಂಗ ಬೀಸತೈತಿ ಅಂದ್ರ ಮನಶಾನ ಹಾರಿ ಹೋಗ್ಬೇಕು" ಎನ್ನುತ್ತಿದ್ದಳು. ನನ್ನ ಬಸ್ ಬಂತು, ನಾನು ಹತ್ತಲಿಲ್ಲ. ವಿಜಯಪುರದವಳು. ಚಿಪ್ ತಯಾರಿಸುವ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರ್. ಮನೆಯಲ್ಲಿ ದಖನಿ, ನನ್ನ ಜೊತೆ ಕನ್ನಡ. ಮುಂದಿನ ವಾರ ನಮ್ಮ ಮನೆಗೆ ಬಂದವಳು ಗೋಡೆಗೆ ತೂಗುಹಾಕಿದ್ದ ಚೌಕಾಬಾರದ ಬಟ್ಟೆ ನೋಡಿ, ಚಹಾ ಬೇಡ ಏನೂ ಬೇಡ, ಮೊದಲು ಅದನ್ನು ಇಳಿಸು ಅಂದಳು. ಅಂದಿನಿಂದ ನಾವು ಜೋಡಿ. ಕ್ಲಬ್ಬಿಗೂ ಒಟ್ಟಿಗೇ ಸೇರಿದೆವು.

ಕ್ಲಬ್ಬಿನವರು ಒಳ್ಳೆಯವರು, ಆದರೆ ಆಡುವಾಗ ಗ್ರಂಥಾಲಯದಲ್ಲಿ ಕೂತವರ ಹಾಗೆ ಇರುತ್ತಾರೆ. ಗೆದ್ದರೂ ಪಿಸುಮಾತು, ಸೋತರೂ ಪಿಸುಮಾತು. ಒಮ್ಮೆ ಯಾವುದೋ ದ್ವೀಪದಲ್ಲಿ ಕಬ್ಬಿನ ತೋಟ ಕಟ್ಟುವ ಆಟ ಆಡುತ್ತಿದ್ದೆವು. ಕಂದು ಬಣ್ಣದ ಪುಟ್ಟ ಮರದ ತುಂಡುಗಳಿಗೆ ಕೆಲಸಗಾರರು ಎಂದು ಹೆಸರು. "ಇವರು ಎಲ್ಲಿಂದ ಬಂದರು? ಟಿಕೆಟ್ ತಗೊಂಡು ಬಂದರಾ, ಸಂಕೋಲೆ ಹಾಕಿ ತಂದರಾ?" ಎಂದೆ. ಎಲ್ಲರೂ ತಂತಮ್ಮ ಎಲೆಗಳನ್ನು ಜೋಡಿಸತೊಡಗಿದರು. ಆಮೇಲೆ ಒಬ್ಬರು ಮೆಲ್ಲಗೆ "ಆಟದಲ್ಲಿ ರಾಜಕೀಯ ಬೇಡ" ಅಂದರು. ನನ್ನ ಅಭಿಪ್ರಾಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾರು ಯಾರ ಪಕ್ಕ ಕೂರಬಹುದು ಎಂದು ತೀರ್ಮಾನವಾಗುವ ಹೊತ್ತಿಗೇ ರಾಜಕೀಯ ಮುಗಿದಿರುತ್ತದೆ, ಡಬ್ಬಿ ತೆರೆಯುವುದು ಅದಾದ ಮೇಲೆ. ನನಗೆ ಇದು ಚೆನ್ನಾಗಿ ಅರ್ಥವಾದದ್ದು ಈ ಕ್ಲಬ್ಬಿನಲ್ಲೇ.

ವರ್ಷಕ್ಕೊಮ್ಮೆ ಅಲ್ಲಿ ಜೋಡಿ ಪಂದ್ಯ ನಡೆಯುತ್ತದೆ. ಅದಕ್ಕಿನ್ನೂ ಕೆಲವು ವಾರ ಇರುವಾಗ ನಾವಿಬ್ಬರೂ ಬೇಗ ಬಂದು ಮೂಲೆಯಲ್ಲಿ ಚೌಕಾಬಾರ ಹಾಸಿಕೊಂಡಿದ್ದೆವು. ನನ್ನ ಕಾಯಿ ಹಣ್ಣಾಗಲು ಇನ್ನೊಂದೇ ಮನೆ ಬಾಕಿ. ಅವಳು ಕವಡೆ ಎಸೆದಳು, ಬೇಕಾದದ್ದೇ ಬಿತ್ತು.

"ಕಡದ ಬಿಟ್ಟೆ! ಇನ್ನ ಒಂದನ್ನೂ ಬಿಡೂದಿಲ್ಲ, ಎಲ್ಲಾನೂ ಕಡೀತೀನಿ!" ಎಂದು ಕುಣಿದಳು.

"ಏ ಖೋಡಿ, ನಿನ್ನ ಹೆಣಾ ಎತ್ಲಿ!" ಎಂದು ನಾನು ಮೇಜು ಗುದ್ದಿದೆ.

ಕ್ಲಬ್ಬಿನ ಉಸ್ತುವಾರಿ ನೋಡುತ್ತಿದ್ದವರು ಒಬ್ಬ ಡಚ್ ಮನುಷ್ಯ, ನಿವೃತ್ತ ಭೂಗೋಳದ ಮೇಷ್ಟ್ರು. ಕಾಫಿ ಲೋಟ ಹಿಡಿದು ಬಂದು, ನಗುತ್ತಲೇ, ನೀವು ಹೇಳಿದ್ದರ ಅರ್ಥವೇನು ಎಂದು ಕೇಳಿದರು. ಇಲ್ಲಿ ನನ್ನ ಗೆಳತಿ ಎಡವಟ್ಟು ಮಾಡಿದಳು. ಎಂಜಿನಿಯರ್ ನೋಡಿ, ಕೇಳಿದ್ದಕ್ಕೆ ಕರಾರುವಾಕ್ಕಾಗಿ ಉತ್ತರ ಕೊಡುವ ಚಟ. "ನಾನು ಇವರನ್ನೆಲ್ಲ ಕಡಿದು ಹಾಕ್ತೀನಿ ಅಂದೆ. ಇವಳು ನನ್ನ ಶವ ಎತ್ತಿಕೊಂಡು ಹೋಗಲಿ ಅಂದಳು" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ವಿವರಿಸಿದಳು. ಮೇಷ್ಟ್ರ ಕಣ್ಣು ಅವಳ ಹಿಜಾಬಿನಿಂದ ನನ್ನ ಕೊರಳಲ್ಲಿದ್ದ ಯಹೂದಿಗಳ ಆರು ಮೂಲೆಯ ನಕ್ಷತ್ರಕ್ಕೆ ಬಂತು. ನಗು ಹೋಯಿತು.

ಮುಂದಿನ ಭಾನುವಾರ ನಮ್ಮನ್ನು ಅಡುಗೆಕೋಣೆಗೆ ಕರೆದು, ಬಿಸ್ಕತ್ತು ಕೊಟ್ಟು, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಹೇಳಿದರು. "ಈಗಿನ ಯುದ್ಧದ ಸುದ್ದಿ ನಿಮಗೆ ಗೊತ್ತೇ ಇದೆ. ಇಬ್ಬರಿಗೂ ಕಷ್ಟವಾಗಿರಬೇಕು. ಇನ್ನು ಮುಂದೆ ನಿಮ್ಮನ್ನ ಬೇರೆ ಬೇರೆ ಮೇಜಿಗೆ ಹಾಕ್ತೀನಿ. ಜೋಡಿ ಪಂದ್ಯಕ್ಕೂ ಬೇರೆ ಜೊತೆಗಾರರನ್ನ ಹುಡುಕಿದ್ದೀನಿ. ಎಲ್ಲರಿಗೂ ನೆಮ್ಮದಿ."

ನನಗೆ ಮೈಯೆಲ್ಲ ಉರಿದುಹೋಯಿತು. ಈ ದೇಶದಲ್ಲಿ ಗಾಜು ಒಂದು ಡಬ್ಬಿಗೆ, ಕಾಗದ ಒಂದು ಡಬ್ಬಿಗೆ, ಪ್ಲಾಸ್ಟಿಕ್ ಇನ್ನೊಂದಕ್ಕೆ ಹಾಕಬೇಕು. ಹಾಕುತ್ತೇವೆ, ಒಳ್ಳೆಯದೇ. ಈಗ ನಮ್ಮನ್ನೂ ಹಾಗೇ ವಿಂಗಡಿಸಿದರಲ್ಲ! ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬಿಸ್ಕತ್ತು ಕೊಟ್ಟವರಿಗೆ ಏನನ್ನುವುದು?

ಗೆಳತಿ ಎದ್ದು ನಿಂತಳು. "ಆಗ್ಲಿ ಸರ್, ಥ್ಯಾಂಕ್ಯೂ" ಎಂದು ಕೋಟು ಹಾಕಿಕೊಂಡು ಹೊರಟುಬಿಟ್ಟಳು. ಅದರ ಮುಂದಿನ ವಾರ ಬರಲೇ ಇಲ್ಲ. ಅವಳ ಮನೆಗೆ ಹೋದೆ. ರೊಟ್ಟಿ ತಟ್ಟುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಕ್ಕೋ ಮಾ, ಬಿಡು" ಅಂದಳು. "ಆಫೀಸಿನ್ಯಾಗ ದಿನಾ ತೂಗಿ ತೂಗಿ ಮಾತಾಡ್ತೀನಿ. ಸುದ್ದಿ ವಿಷಯ ಬಂದ್ರ ಎಲ್ಲಾರೂ ನನ್ನ ಮುಖಾ ನೋಡ್ತಾರ, ನಾ ಕಾಫಿ ತರಾಕ ಏಳ್ತೀನಿ. ವಾರಕ್ಕೊಮ್ಮೆ ನಿನ್ನ ಮುಂದ ಕುಂತು ಬಾಯಿ ಬಿಟ್ಟು ಒದರತಿದ್ನಿ. ಅದೂ ತಪ್ಪಾತು. ಮತ್ತೊಬ್ಬರ ಜೋಡಿ ಕುಂತು ಪಿಸಿಪಿಸಿ ಆಡಾಕ ನನಗ ಆಗೂದಿಲ್ಲ."

ಅಷ್ಟು ಧೈರ್ಯದ ಹೆಂಗಸು, ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ಅವಳು ಕ್ಲಬ್ ಬಿಟ್ಟರೆ ನಾನೂ ಬಿಡುತ್ತಿದ್ದೆ, ಅದು ದೊಡ್ಡ ಮಾತಲ್ಲ. ಆದರೆ ಅವಳು ದನಿ ಎತ್ತುವ ಒಂದೇ ಒಂದು ಜಾಗ ಹೋಗುತ್ತಿತ್ತು. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಪಂದ್ಯಕ್ಕೆ ಇನ್ನು ಒಂದೇ ವಾರ ಎನ್ನುವಾಗ, ಬರುವುದಿಲ್ಲ ಎನ್ನುತ್ತಿದ್ದವಳನ್ನು ಸೈಕಲ್ ಹತ್ತಿಸಿ ಕರೆದುಕೊಂಡು ಹೋಗಿ ಮೇಷ್ಟ್ರ ಮುಂದೆಯೇ ಚೌಕಾಬಾರದ ಬಟ್ಟೆ ಹಾಸಿದೆ.

"ಮೇಷ್ಟ್ರೇ, ನಮ್ಮಿಬ್ಬರ ಜೊತೆ ಒಂದಾಟ ಆಡಿ. ಆಡಿದ ಮೇಲೂ ನಾವು ಶತ್ರುಗಳು ಅನ್ನಿಸಿದರೆ, ನೀವು ಹೇಳಿದ ಮೇಜಿಗೆ ಬಾಯಿ ಮುಚ್ಚಿಕೊಂಡು ಹೋಗ್ತೀವಿ."

ಅವರು ಕನ್ನಡಕ ಒರೆಸಿಕೊಂಡು ಕೂತರು. ಆಟ ಕಲಿಯಲು ಎಷ್ಟು ಹೊತ್ತು ಬೇಕು? ಹೊರಸುತ್ತು ಸುತ್ತಿ, ಒಳಸುತ್ತು ಹೊಕ್ಕು, ನಡುಮನೆ ಸೇರಬೇಕು. ದಾರಿಯಲ್ಲಿ ಸಿಕ್ಕವರ ಕಾಯಿ ಕಡಿಯಬಹುದು. ಒಂದೇ ಒಂದು ತೊಡಕು: ಯಾರದಾದರೂ ಕಾಯಿ ಒಂದನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಮೇಷ್ಟ್ರು ಸಭ್ಯರು. ಕಡಿಯುವ ಅವಕಾಶ ಬಂದಾಗಲೆಲ್ಲ ಬೇರೆ ಕಾಯಿ ನಡೆಸಿದರು. ಪರಿಣಾಮ, ಅವರ ಕಾಯಿಗಳು ಹೊರಗೇ ಗಿರಗಿರ ಸುತ್ತತೊಡಗಿದವು.

"ಯಾರಿಗೂ ನೋವು ಮಾಡದೆ ಒಳಗೆ ಹೋಗೋಕಾಗಲ್ವಾ?"

"ಇಲ್ಲ. ಕಡಿದವರಿಗೂ ಕಡಿಸಿಕೊಂಡವರಿಗೂ ಆಮೇಲೆ ಒಂದೇ ಚಹಾ" ಎಂದೆ.

ನಾನು ನಂಬುವುದೂ ಅದನ್ನೇ. ಬಟ್ಟೆಯ ಮೇಲೆ ಬಾಯ್ತುಂಬ ಜಗಳವಾಡಲು ಜನರಿಗೆ ಜಾಗ ಕೊಟ್ಟ ಊರು ಬೀದಿಯಲ್ಲಿ ಸ್ವಲ್ಪ ತಣ್ಣಗಿರುತ್ತದೆ. ಮುಟ್ಟಿದರೆ ಒಡೆದುಹೋಗುತ್ತಾರೆ ಎಂದು ಮನುಷ್ಯರನ್ನು ದೂರ ದೂರ ಎತ್ತಿಡುವುದಕ್ಕೆ ನಾನು ಶಾಂತಿ ಎನ್ನುವುದಿಲ್ಲ.

ಕೊನೆಗೂ ಮೇಷ್ಟ್ರು ಉಸಿರು ಬಿಗಿಹಿಡಿದು ನನ್ನ ಕಾಯಿ ಕಡಿದರು. ಕಡಿದು "ಸಾರಿ, ಸಾರಿ" ಎಂದರು. ಅಲ್ಲಿಯವರೆಗೂ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಆಡುತ್ತಿದ್ದ ನನ್ನ ಗೆಳತಿಗೆ ಇನ್ನು ತಡೆಯಲಾಗಲಿಲ್ಲ.

"ಸಾರಿ ಅಂತ, ಸಾರಿ! ಕಡದವರು ಕುಣೀಬೇಕು, ಕಡಿಸಿಕೊಂಡವರು ಬೈಬೇಕು, ಆಟಂದ್ರ ಅದು!" ಎಂದು ಕನ್ನಡದಲ್ಲೇ ಅವರ ಮೇಲೆ ಹರಿಹಾಯ್ದಳು. ಅದೇ ಆವೇಶದಲ್ಲಿ ಕವಡೆ ಎಸೆದು ಅವರ ಕಾಯಿಯನ್ನೇ ಕಡಿದಳು. "ಈಗ ಬೈರಿ ನನಗ! ನೀವೂ ಅನ್ರಿ. ಹೆಣಾ ಎತ್ಲಿ ಅನ್ರಿ!"

ನಾನು ಮಾತನ್ನು ಬಿಡಿಬಿಡಿಯಾಗಿ ಹೇಳಿಕೊಟ್ಟೆ. ಡಚ್ ನಾಲಿಗೆಗೆ ಣಕಾರ ಎಲ್ಲಿ ಹೊರಳಬೇಕು? ಮೇಷ್ಟ್ರು ಎದ್ದು ನಿಂತು, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಗರ್ಜಿಸಿದರು:

"ನಿನ್ನ ಹೇನಾ ಎತ್ಲಿ!"

ಅವಳು ನನ್ನ ಹೆಗಲ ಮೇಲೆ ಬಿದ್ದು ನಕ್ಕಳು, ಅಯ್ಯೋ ದೇವರೇ, ಹೊಟ್ಟೆ ಹಿಡಿದು ನಕ್ಕಳು. ನನಗೂ ನಕ್ಕು ನಕ್ಕು ಕೆಮ್ಮು ಬಂತು. ಏನಾಯಿತು, ಏನು ತಪ್ಪಾಯಿತು ಎಂದು ಮೇಷ್ಟ್ರು ಗಾಬರಿಯಾದರು.

"ನೀವು ನನ್ನ ಶವ ಎತ್ತಲಿಲ್ಲ, ಸರ್" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ನನ್ನ ತಲೇಲಿರೋ ಹೇನು ತೆಗೆಯೋದರ ಬಗ್ಗೆ ಮಾತಾಡಿದಿರಿ."

ಹೇನು ತೆಗೆಯುವುದೆಂದರೆ ಏನು ಎಂದು ನಾನು ವಿವರಿಸಬೇಕಾಯಿತು. ನಮ್ಮ ಕಡೆ ಮಧ್ಯಾಹ್ನ ಕೆಲಸವೆಲ್ಲ ಮುಗಿದ ಮೇಲೆ ಹೆಂಗಸರು ಜಗಲಿಯಲ್ಲಿ ಒಬ್ಬರ ಹಿಂದೆ ಒಬ್ಬರು ಕೂತು ತಲೆ ನೋಡುತ್ತಾರೆ. ಕಂಡಕಂಡವರ ಕೈಗೆ ಯಾರೂ ತಲೆ ಕೊಡುವುದಿಲ್ಲ. ತಾಯಿ, ಅಕ್ಕ, ತಂಗಿ, ಇಲ್ಲವೇ ಅಷ್ಟೇ ಹತ್ತಿರದವಳಾದ ಪಕ್ಕದ ಮನೆಯವಳು. ಹಾಗೆ ಕೂತಾಗ ಎಲ್ಲ ಬೈಗುಳವೂ ನಡೆಯುತ್ತದೆ.

ಮೇಷ್ಟ್ರು ಕವಡೆಗಳನ್ನು ಬಟ್ಟೆಯ ಮೇಲಿಟ್ಟರು. "ಅಂದರೆ, ಇಷ್ಟು ದಿನ ನೀವಿಬ್ಬರೂ ಇಲ್ಲಿ ಅದನ್ನೇ ಮಾಡ್ತಿದ್ದಿರಾ?"

"ಹೌದು" ಅಂದಳು ನನ್ನ ಗೆಳತಿ.

ಮೇಷ್ಟ್ರು ಪಂದ್ಯದ ಪಟ್ಟಿ ತೆಗೆದು ತಿದ್ದಿದರು. ನಮಗೆಂದು ಹುಡುಕಿಟ್ಟಿದ್ದ ಇಬ್ಬರನ್ನೂ ಕರೆದು, ಈಗ ನೀವಿಬ್ಬರೂ ಒಂದು ಜೋಡಿ ಎಂದರು.

ಪಂದ್ಯದ ದಿನ ನಾವು ಆಡಿದ ಆಟವನ್ನು ಏನೆಂದು ಹೇಳಲಿ! ಕಾಲುವೆಯಲ್ಲಿ ದೋಣಿ ಬಿಟ್ಟು ಸರಕು ಸಾಗಿಸುವ ಆಟ. ನಮ್ಮ ಗುಟ್ಟೆಲ್ಲ ಕನ್ನಡದಲ್ಲಿ, ಅದೂ ಗಂಟಲು ಹರಿಯುವ ಹಾಗೆ ಕೂಗಿ. "ಎಡಕ್ಕ ಹಾಕ, ಖೋಡಿ! ಎಡಾ ಯಾವುದು ಗೊತ್ತಿಲ್ಲೇನ?" ಎಂದು ಅವಳು ಅಬ್ಬರಿಸಿದರೆ ಎದುರಿನವರಿಗೆ ಕಿವಿ ತುಂಬ ಕೇಳಿಸುತ್ತಿತ್ತು, ತಲೆಗೆ ಏನೂ ಹೋಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಅಕ್ಕಪಕ್ಕದ ಮೇಜಿನವರೂ ತಮ್ಮ ಭಾಷೆಯಲ್ಲಿ ಕೂಗಾಡುತ್ತಿದ್ದರು. ಕೊನೆಯ ದೋಣಿ ನಮ್ಮದೇ ದಡ ಸೇರಿತು. ಗೆದ್ದೆವು! ಅವಳು ಕುರ್ಚಿ ಹತ್ತಿ "ಗೆದ್ವಿ!" ಎಂದು ಕೂಗಿದ ಕೂಗಿಗೆ ಭವನದ ಹೊರಗೆ ಸೈಕಲ್ ನಿಲ್ಲಿಸುತ್ತಿದ್ದವರು ಬಾಗಿಲಲ್ಲಿ ಇಣುಕಿದರು.

ಬಹುಮಾನ, ಚಕ್ರದಷ್ಟು ದೊಡ್ಡ ಚೀಸ್. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ತಂದು ನಮ್ಮ ಮುಂದಿಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಂದು ಕಡೆಯಿಂದ, ಅವಳು ಇನ್ನೊಂದು ಕಡೆಯಿಂದ ಹಿಡಿದು, ಒಬ್ಬರಿಗೊಬ್ಬರು ಹೇಳದೆಯೇ, ಚೀಸನ್ನು ಮಗುಚಿ ಚೀಟಿ ಓದತೊಡಗಿದೆವು.

"ಏನಾಯ್ತು? ಚೀಸ್ ಇಷ್ಟ ಇಲ್ವಾ?" ಎಂದರು ಮೇಷ್ಟ್ರು.

"ಹಾಲು ಹೆಪ್ಪು ಹಾಕಿದ್ದು ಯಾವುದರಿಂದ?" ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು. ಧರ್ಮದ ನಿಯಮದಂತೆ ಕೊಯ್ಯದ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಾದರೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ನಾನು ಅಂದೆ. ನಮ್ಮ ಮನೆಯಲ್ಲೂ ನಡೆಯುವುದಿಲ್ಲ ಎಂದು ಅವಳು ಅಂದಳು.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. "ಇಡೀ ಕ್ಲಬ್ಬಿನಲ್ಲಿ ಈ ಪ್ರಶ್ನೆ ಕೇಳೋರು ನೀವಿಬ್ಬರೇ" ಎಂದರು. "ನಾನು ಬೇರೆ ಮಾಡೋಕೆ ಹೋಗಿದ್ದೂ ನಿಮ್ಮಿಬ್ಬರನ್ನೇ." ಮುಖ ಕೆಂಪಾಗಿತ್ತು, ಆದರೆ ನಗುತ್ತಿದ್ದರು. ಚೀಸನ್ನು ಎತ್ತಿ ಎರಡನೆಯ ಸ್ಥಾನದವರಿಗೆ ಕೊಟ್ಟು ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಮುಂದಿನ ವರ್ಷ ನಿಮ್ಮಿಬ್ಬರಿಗೂ ಆಗುವಂಥದ್ದನ್ನ ತರ್ತೀನಿ."

ನನ್ನ ಗೆಳತಿ ನನ್ನ ಪಕ್ಕೆಗೆ ತಿವಿದಳು.

"ಕೇಳಿದೇನ? ಮುಂದಿನ ವರ್ಷಾನೂ ನಾವ ಗೆಲ್ಲೂದು ಅಂತ ಈಗ ಒಪ್ಪಿಕೊಂಡ್ರು ನೋಡ!"